ಪಡಸಾಲೆಯಲ್ಲಿ ಹದಿನಾರು ತಂತಿ

ಪ್ರಶ್ನೆ: ನನ್ನ ತಂಗಿಯ ಮಗಳು ಬೆಂಗಳೂರಿನಲ್ಲಿ ವೆಸ್ಟರ್ನ್ ವಯಲಿನ್ ಕಲಿಯುತ್ತಿದ್ದಾಳೆ. ದೀಪಾವಳಿ ರಜೆಗೆ ಮೂವರು ಗೆಳೆಯರ ಜೊತೆ ಬರುತ್ತಾಳಂತೆ, ನಮ್ಮ ಮನೆಯಲ್ಲೇ ಸ್ಟ್ರಿಂಗ್ ಕ್ವಾರ್ಟೆಟ್ ನುಡಿಸುತ್ತೇವೆ ಅಂತಿದ್ದಾಳೆ. ಹಾಲ್ 14 ಅಡಿಗೆ 20 ಅಡಿ ಇದೆ. 30 ಜನ ಬರಬಹುದು. ಶಾಮಿಯಾನದವರಿಗೆ ಹೇಳಿ ಮೈಕ್, ಸ್ಪೀಕರ್ ತರಿಸೋಣ ಅಂತಾರೆ ನಮ್ಮ ಯಜಮಾನರು. ಬೇಕಾ? ಇನ್ನೇನು ತಯಾರಿ ಮಾಡಬೇಕು?
– ಗೃಹಿಣಿ, ವಿದ್ಯಾನಗರ, ದಾವಣಗೆರೆ

ಉತ್ತರ: ಮೈಕ್ ಖಂಡಿತ ಬೇಡ. ಆ ದುಡ್ಡಿಗೆ ಬಂದವರಿಗೆಲ್ಲ ಬೆಣ್ಣೆ ದೋಸೆ ಕೊಡಿಸಬಹುದು ಅಂತ ಯಜಮಾನರಿಗೆ ಹೇಳಿ. ಸ್ಟ್ರಿಂಗ್ ಕ್ವಾರ್ಟೆಟ್ ಒಂದು ಬಗೆಯ ಚೇಂಬರ್ ಮ್ಯೂಸಿಕ್, ಹಾಗಂದರೆ ಕೋಣೆಯ ಸಂಗೀತ ಅಂತಲೇ ಅರ್ಥ, ಅದು ಹುಟ್ಟಿದ್ದೇ ನಿಮ್ಮ ಹಾಲ್‌ನಂಥ ಜಾಗಕ್ಕೆ. ಕ್ವಾರ್ಟೆಟ್‌ನಲ್ಲಿ ಇರೋದು ಎರಡು ವಯಲಿನ್, ಅದಕ್ಕಿಂತ ಸ್ವಲ್ಪ ದೊಡ್ಡದಾದ ಒಂದು ವಿಯೋಲಾ, ಕಾಲ ನಡುವೆ ಇಟ್ಟುಕೊಂಡು ನುಡಿಸುವ ಒಂದು ಸೆಲ್ಲೊ. ಒಂದೊಂದಕ್ಕೆ 4 ತಂತಿ, ಒಟ್ಟು 16. ನಿಮ್ಮ ಹಾಲ್ ತುಂಬಿಸಲು ಅಷ್ಟು ಸಾಕು.

ಕೆಲವು ವರ್ಷದ ಹಿಂದೆ ಚಿತ್ರದುರ್ಗದಲ್ಲಿ ಒಂದು ಮನೆಗೆ ಇಂಥದ್ದೇ ಕಛೇರಿ ಕೇಳಲು ಹೋಗಿದ್ದೆ. ಯಾರೋ ಉತ್ಸಾಹಿಗಳು ಸೆಲ್ಲೊ ಮುಂದೆ ಮೈಕ್ ನೆಟ್ಟಿದ್ದರು. ಮೊದಲ ಹತ್ತು ನಿಮಿಷ ಕೇಳಿಸಿದ್ದು ಬರೀ ಸೆಲ್ಲೊ, ನಡುನಡುವೆ ಸ್ಪೀಕರ್‌ನ ಕುಂಯ್ ಸದ್ದು. ಪುಣ್ಯಕ್ಕೆ ಕರೆಂಟ್ ಹೋಯಿತು! ಆಮೇಲೇ ನೋಡಿ ನಿಜವಾದ ಕಛೇರಿ ಶುರುವಾಗಿದ್ದು. ಕಮಾನು ತಂತಿಗೆ ತಾಗುವ ಮುಂಚಿನ ಆ ಸಣ್ಣ ಸರಕ್ ಸದ್ದೂ ಕೇಳಿಸಿತು, ಮೊದಲ ವಯಲಿನ್‌ನ ಹುಡುಗಿ ಪ್ರತಿಸಲ ಶುರು ಮಾಡುವಾಗ ಜೋರಾಗಿ ಉಸಿರು ಎಳೆದುಕೊಳ್ಳುತ್ತಿದ್ದದ್ದೂ ಕೇಳಿಸಿತು. ಅವರಲ್ಲಿ ತಾಳ ಹಾಕುವವರಿಲ್ಲ, ಕೈ ಬೀಸುವವರೂ ಇಲ್ಲ. ಆ ಉಸಿರೇ ಎತ್ತುಗಡೆ, ಮಿಕ್ಕ ಮೂವರು ಅದನ್ನು ನೋಡಿಕೊಂಡೇ ಒಟ್ಟಿಗೆ ಕಮಾನು ಇಡುತ್ತಾರೆ. ಇದು ಮೂರನೇ ಸಾಲಿನಿಂದಾಚೆ ಕಾಣಿಸೋದಿಲ್ಲ, ಹಾಗಾಗಿ ನೆಂಟರನ್ನೆಲ್ಲ ಹತ್ತಿರ ಕೂರಿಸಿ, ನೆಲದ ಮೇಲೆ ಒಂದು ಜಮಖಾನೆ ಹಾಸಿದರೆ 30 ಜನ ಒತ್ತಿಕೊಂಡು ಕೂರಬಹುದು.

ಇನ್ನು ತಯಾರಿ. ಶಾಮಿಯಾನದವರ ಪ್ಲಾಸ್ಟಿಕ್ ಕುರ್ಚಿ ನುಡಿಸುವವರಿಗೆ ಕೊಡಬೇಡಿ, ಅದರ ಕೈಗೆ ಅವರ ಮೊಣಕೈ ಬಡಿಯುತ್ತೆ. ಕೈಯಿಲ್ಲದ ಗಟ್ಟಿ ಕುರ್ಚಿ 4 ಬೇಕು, ಊಟದ ಟೇಬಲ್‌ದು ನಡೆಯುತ್ತೆ. ಸೆಲ್ಲೊ ಬುಡದಲ್ಲಿ ಚೂಪಾದ ಒಂದು ಕಡ್ಡಿ ಇರುತ್ತೆ, ಅದು ಟೈಲ್ಸ್ ಮೇಲೆ ನಿಲ್ಲೋದಿಲ್ಲ. ಚಿತ್ರದುರ್ಗದಲ್ಲಿ ತುಂಬ ನಿಧಾನದ ಒಂದು ಭಾಗ ನಡೀತಿರುವಾಗ ಸೆಲ್ಲೊ ಸರ್ ಅಂತ ಮುಂದೆ ಜಾರಿತು, ಮನೆಯ ಅಜ್ಜಿ ಒಂದು ಮಾತೂ ಆಡದೆ ಬಾಗಿಲ ಹತ್ತಿರದ ಕಾಲೊರಸು ತಂದು ಅದರ ಕೆಳಗೆ ತುರುಕಿದರು. ನೀವು ಮೊದಲೇ ಹಾಕಿಬಿಡಿ. ಫ್ಯಾನ್ ಆಫ್ ಮಾಡಬೇಕು, ಇಲ್ಲದಿದ್ದರೆ ಸ್ವರದ ಹಾಳೆ ಹಾರುತ್ತೆ. ಸೆಕೆ ಆಗುತ್ತೆ ಅಂದರೆ ಫ್ಯಾನ್ ಇರಲಿ, ಹಾಳೆಗೆ ಸಿಕ್ಕಿಸಲು ಬಟ್ಟೆ ಒಣಹಾಕುವ ಕ್ಲಿಪ್ ಒಂದು ಡಜನ್ ಕೊಡಿ. ಕುಕ್ಕರ್ ಮೊದಲೇ ಇಳಿಸಿಬಿಡಿ, ಇದು ಅನುಭವದ ಮಾತು.

ಏನು ನುಡಿಸಲಿ ಅಂತ ಕೇಳಿದರೆ ಹೈಡನ್ ಕೇಳಿ. 1732ರಲ್ಲಿ ಹುಟ್ಟಿದ ಆಸ್ಟ್ರಿಯಾದವನು, 68 ಕ್ವಾರ್ಟೆಟ್ ಬರೆದಿದ್ದಾನೆ (ಈ ನಾಲ್ಕು ವಾದ್ಯಕ್ಕೆ ಬರೆದ ಕೃತಿಗೂ ಕ್ವಾರ್ಟೆಟ್ ಅಂತಲೇ ಹೆಸರು). ಅದರಲ್ಲಿ ‘ಎಂಪರರ್’ ಅನ್ನೋದರ ಎರಡನೇ ಭಾಗ ನಮ್ಮ ಕಿವಿಗೆ ಬೇಗ ಹತ್ತುತ್ತೆ. ಒಂದೇ ಧಾಟಿ, ಮೊದಲು ಮೊದಲ ವಯಲಿನ್‌ನಲ್ಲಿ. ಆಮೇಲೆ ಎರಡನೇ ವಯಲಿನ್, ನಂತರ ಸೆಲ್ಲೊ, ಆಮೇಲೆ ವಿಯೋಲಾ, ಕೊನೆಗೆ ಮತ್ತೆ ಮೊದಲ ವಯಲಿನ್. ಧಾಟಿ ಬದಲಾಗೋದೇ ಇಲ್ಲ, ಸುತ್ತ ನುಡಿಸುವವರ ಮಾತು ಬದಲಾಗುತ್ತೆ. ಅದು ಈಗ ಯಾರ ಕೈಯಲ್ಲಿದೆ ಅಂತ ಹುಡುಕೋದು ಮಕ್ಕಳಿಗೂ ಆಟ. ಇವತ್ತಿನ ಜರ್ಮನಿಯ ರಾಷ್ಟ್ರಗೀತೆಗೆ ಇದೇ ಧಾಟಿ.

ಚಪ್ಪಾಳೆ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಿಬಿಡ್ತೀನಿ. ಒಂದು ಕ್ವಾರ್ಟೆಟ್‌ನಲ್ಲಿ ಸಾಮಾನ್ಯವಾಗಿ 4 ಭಾಗ, ನಡುವೆ ಸ್ವಲ್ಪ ಹೊತ್ತು ನಿಲ್ಲಿಸ್ತಾರೆ. ಈಗಿನ ಪದ್ಧತಿಯಲ್ಲಿ ಪೂರ್ತಿ ಮುಗಿದ ಮೇಲೇ ಚಪ್ಪಾಳೆ. ನಿಮ್ಮ ಪಕ್ಕದ ಮನೆಯವರು ನಡುವೆ ತಟ್ಟಿಬಿಟ್ಟರೆ ಗಾಬರಿ ಬೇಡ, ಹೈಡನ್ ಕಾಲದಲ್ಲಿ ಹಾಗೇ ತಟ್ಟುತ್ತಿದ್ದರು. ತೊಡೆ ಮೇಲೆ ತಾಳ ಹಾಕೋದನ್ನು ಮಾತ್ರ ತಡೀರಿ. ಅವರ ನಡೆ ಬೇಕಂತಲೇ ಹಿಗ್ಗುತ್ತೆ, ಕುಗ್ಗುತ್ತೆ, ನಿಮ್ಮ ತಾಳಕ್ಕೆ ಸಿಗೋದಿಲ್ಲ.

ಪ್ರಶ್ನೆ: ನಮ್ಮ ಕಛೇರಿಯ ಪಿಟೀಲು, ಅವರ ವಯಲಿನ್ ಒಂದೇನಾ?
– ಕಾಲೇಜು ವಿದ್ಯಾರ್ಥಿ, ಚಿತ್ರದುರ್ಗ

ಉತ್ತರ: ವಾದ್ಯ ಒಂದೇ, ಸುಮಾರು 200 ವರ್ಷದ ಹಿಂದೆ ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರಂಥವರು ಅದನ್ನು ನಮ್ಮದು ಮಾಡಿಕೊಂಡರು. ನಮ್ಮವರು ನೆಲದಲ್ಲಿ ಕೂತು ಅದರ ತಲೆಯನ್ನು ಪಾದದ ಮೇಲಿಟ್ಟುಕೊಳ್ಳುತ್ತಾರೆ. ಸ್ವರವನ್ನು ಓಲಾಡಿಸುವ ಗಮಕಕ್ಕೆ ಬೆರಳು ಸಲೀಸಾಗಿ ಜಾರಬೇಕಲ್ವಾ, ಅದಕ್ಕೆ. ತಂತಿಗಳನ್ನು ಸ-ಪ-ಸ-ಪ ಅಂತ ಶ್ರುತಿ ಮಾಡ್ತಾರೆ, ಅವರಲ್ಲಿ ಪ್ರತಿ ತಂತಿಯೂ ಹಿಂದಿನದರ ಪಂಚಮ. ಸಭೆ ದೊಡ್ಡದಾಗಿ ಹಿಂದಿನ ಸಾಲಿಗೆ ಕೇಳಿಸದೆ ಇದ್ದಾಗ ಮೈಸೂರು ಟಿ. ಚೌಡಯ್ಯನವರು ಏನು ಮಾಡಿದರು ಗೊತ್ತಾ? ಪಿಟೀಲಿಗೆ 7 ತಂತಿ ಕಟ್ಟಿಸಿದರು. ನನ್ನ ಕೇಳಿದರೆ ಮೈಕ್‌ಗಿಂತ ಅದೇ ಒಳ್ಳೆ ಉಪಾಯ.

ಪ್ರಶ್ನೆ: ಮನೆ ಕಛೇರಿಗೆ ಟಿಕೆಟ್ ಇಟ್ಟರೆ ತಪ್ಪಾ?
– ನಿವೃತ್ತ ಮೇಷ್ಟ್ರು, ದಾವಣಗೆರೆ

ಉತ್ತರ: ತಪ್ಪೇನಿಲ್ಲ, ಆದರೆ ನೆಂಟರ ಹತ್ತಿರ ದುಡ್ಡು ಕೇಳೋಕೆ ನಿಮಗೆ ಬಾಯಿ ಬರೋದಿಲ್ಲ. ಬಾಗಿಲ ಹತ್ತಿರ ಒಂದು ತಟ್ಟೆ ಇಡಿ, ಬಿದ್ದದ್ದನ್ನು ಕವರ್‌ನಲ್ಲಿ ಹಾಕಿ ಕೊಡಿ. ಬಸ್ ಚಾರ್ಜನ್ನು ಮಾತ್ರ ನೀವೇ ಕೊಡಬೇಕು. ಸೆಲ್ಲೊವನ್ನು ಬಸ್ಸಿನ ಡಿಕ್ಕಿಗೆ ಹಾಕೋಕೆ ಯಾರೂ ಒಪ್ಪೋದಿಲ್ಲ, ಅದಕ್ಕೂ ಒಂದು ಸೀಟು ಬೇಕು. ಹಾಗಾಗಿ ಬರುವವರು 4 ಜನ ಆದರೂ 5 ಸೀಟಿನ ಲೆಕ್ಕ ಹಾಕಿ.