ಸೂರಿನ ದೀಪ ಮಳೆಗಾಲಕ್ಕೆ ತಡೆಯಬೇಕಾದರೆ

ಪ್ರಶ್ನೆ: ತೀರ್ಥಹಳ್ಳಿ ಹತ್ತಿರ ನಮ್ಮ ಮನೆ. ಸೂರಿನಂಚಿಗೆ ಹಾಕಿಸಿದ ಎಲ್‌ಇಡಿ ಸ್ಟ್ರಿಪ್ ಪ್ರತಿ ಮಳೆಗಾಲ ಕೆಡುತ್ತದೆ. ಕಾಯಂ ಉಳಿಯುವಂಥದ್ದು ಯಾವುದು?

ಉತ್ತರ: ನೇರ ಮಳೆ ಹೊಡೆಯುವ ಜಾಗಕ್ಕೆ ಐಪಿ67 ಗುರುತಿರುವುದನ್ನೇ (ದೂಳು, ನೀರು ಒಳಹೋಗದು ಅಂತ ಹೇಳುವ ಗುರುತು) ತಗೊಳ್ಳಿ. ಆದರೆ ಎಷ್ಟೋ ಸಲ ಕೆಡುವುದು ಸ್ಟ್ರಿಪ್ ಅಲ್ಲ, ಜಾಯಿಂಟು. ಸುಮ್ನೆ ಟೇಪ್ ಸುತ್ತಿಬಿಟ್ಟ ಕಡೆ ನೀರಿಳಿದು ತಾಮ್ರ ಹಸಿರುಗಟ್ಟುತ್ತದೆ, ಆಮೇಲೆ ಅರ್ಧ ಸಾಲು ಮಿಣುಕಲು ಶುರುವಾಗುತ್ತದೆ, ನಾವು ದೀಪವನ್ನೇ ಬೈಯುತ್ತೇವೆ. ಅಲ್ಲಿಗೆ ಒಳಗೆ ಅಂಟು ಸವರಿರುವ ಹೀಟ್‌ಶ್ರಿಂಕ್ (ಬಿಸಿ ಮಾಡಿದರೆ ಕುಗ್ಗಿ ಬಿಗಿಯಾಗುವ ಕೊಳವೆ) ಹಾಕಿಸಿ. ಸ್ಟ್ರಿಪ್‌ಗೆ ಕರೆಂಟ್ ಇಳಿಸಿ ಕೊಡುವ ಡಬ್ಬಿ, ಅಂದರೆ ಡ್ರೈವರ್, ಜಗಲಿಯೊಳಗೇ ಇರಲಿ. ಸೂರು ಉದ್ದವಿದ್ದರೆ 12 ವೋಲ್ಟ್‌ಗಿಂತ 24 ವೋಲ್ಟ್ ಮೇಲು, ತುದಿ ಮಂಕಾಗುವುದು ಕಮ್ಮಿ. ಬೆಳಕಿನ ಬಣ್ಣ 3000 ಕೆಲ್ವಿನ್ (ಹಳದಿ ಛಾಯೆ) ದಾಟದಿರಲಿ, ಅಚ್ಚ ಬಿಳಿ ಬೆಳಕಿಗೆ ಹುಳ ಜಾಸ್ತಿ ಮುತ್ತುತ್ತವೆ ಅಲ್ವಾ. 30 ಮಿಲಿಆಂಪ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಕಡಿದುಬಿಡುವ ಸ್ವಿಚ್ಚು) ಇಲ್ಲದೆ ಮಾತ್ರ ಹೊರಗಿನ ವೈರಿಂಗ್ ಮಾಡಿಸಲೇಬೇಡಿ.