ಓದುಗರ ಪ್ರಶ್ನೆ, ಸಂರಕ್ಷಕರ ಉತ್ತರ: ಹೊನ್ನಿನ ಸುರುಳಿಗೆ ಮಳೆಗಾಲದ ಕಾಟ

ಪ್ರಶ್ನೆ: ಮೂರು ವರ್ಷಗಳ ಹಿಂದೆ ಮಗಳು ಇಂಗ್ಲೆಂಡಿನ ಚಾರ್‌ಮತ್ ಕಡಲತೀರದಲ್ಲಿ ಹೆಕ್ಕಿದ ಅಮೋನೈಟ್ (ಎಂದೋ ಅಳಿದುಹೋದ ಕಡಲಜೀವಿಯ ಸುರುಳಿ ಚಿಪ್ಪು) ಪಳೆಯುಳಿಕೆಯನ್ನು ತಂದುಕೊಟ್ಟಿದ್ದಳು. ನಾಣ್ಯದಷ್ಟಗಲ, ಚಿನ್ನದಂತೆ ಹೊಳೆಯುವ ಸುರುಳಿ. ಹತ್ತಿಯ ಮೇಲೆ ಶೋಕೇಸಿನಲ್ಲಿ ಇಟ್ಟಿದ್ದೆ. ಈ ಮಳೆಗಾಲದಲ್ಲಿ ಹೊಳಪು ಮಾಸಿ, ಹಳದಿ ಬೆರೆತ ಬಿಳಿ ಪುಡಿ ಎದ್ದಿದೆ, ಬಿರುಕೂ ಬಿಟ್ಟಿದೆ. ತೊಳೆದು ವಾರ್ನಿಷ್ ಹಚ್ಚಲೇ?
— ಓದುಗರು, ಕುಂದಾಪುರ

ಉತ್ತರ: ದಯವಿಟ್ಟು ನೀರು ಸೋಕಿಸಬೇಡಿ. ವಾರ್ನಿಷ್ ಡಬ್ಬಿಯನ್ನು ತೆರೆಯಲೂ ಬೇಡಿ.

ಆ ಹೊಳಪು ಪೈರೈಟಿನದು. ಕಬ್ಬಿಣ ಮತ್ತು ಗಂಧಕ ಕೂಡಿದ ಖನಿಜ. ಸುಮಾರು 19 ಕೋಟಿ ವರ್ಷ ಜೇಡಿಯಡಿಯಲ್ಲಿ ಗಾಳಿ ಕಾಣದೆ ಕ್ಷೇಮವಾಗಿತ್ತು. ಈಗ ಗಾಳಿಯೂ ತೇವವೂ ಒಟ್ಟಿಗೆ ಸಿಕ್ಕಿವೆ. ಪೈರೈಟ್ ಒಡೆದು ಕಬ್ಬಿಣದ ಸಲ್ಫೇಟ್ ಮತ್ತು ಗಂಧಕಾಮ್ಲ ಆಗುತ್ತಿದೆ. ನಿಮಗೆ ಕಾಣುತ್ತಿರುವ ಪುಡಿ, ಹಿರಿಯರು ಗ್ರಂಧಿಗೆ ಅಂಗಡಿಯಲ್ಲಿ ಕೊಳ್ಳುತ್ತಿದ್ದ ಅನ್ನಭೇದಿ ಎಂಬ ಕಬ್ಬಿಣದ ಸಲ್ಫೇಟಿನ ಬಳಗದ್ದು. ಮೂಲ ಖನಿಜಕ್ಕಿಂತ ಅದು ಹಲವು ಪಟ್ಟು ಹೆಚ್ಚು ಜಾಗ ಬೇಡುತ್ತದೆ. ಒಳಗಿನಿಂದ ಒತ್ತಿದಾಗ ಕಲ್ಲು ಸೀಳದೆ ಇನ್ನೇನು ಮಾಡೀತು?

ಹತ್ತಿಯನ್ನು ಎತ್ತಿ ನೋಡಿ, ಕಂದು ಬಣ್ಣಕ್ಕೆ ತಿರುಗಿರಬಹುದು. ಅದು ಆಮ್ಲದ ಕೆಲಸ. ಕಾಲೇಜೊಂದರ ಸಂಗ್ರಹಾಲಯದಲ್ಲಿ ನಾನು ಎಳೆದ ಡ್ರಾಯರೊಂದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಪಟಾಕಿ ಸುಟ್ಟ ಮರುದಿನದ ಅಂಗಳದ ವಾಸನೆ. ರಟ್ಟಿನ ಪೆಟ್ಟಿಗೆಯ ತಳ ಸುಟ್ಟ ಹಪ್ಪಳದಂತೆ ಕಪ್ಪಾಗಿ ಕೈಯಲ್ಲೇ ಉದುರಿತು. ಜೊತೆಗಿದ್ದ ಚೀಟಿಯಲ್ಲಿ ಉಳಿದದ್ದು ಶಾಯಿಯ ಎರಡು ಅಕ್ಷರ. ಅರ್ಧ ಪುಡಿಯಾದ ಕಲ್ಲಿಗಿಂತ ಆ ಚೀಟಿಗಾಗಿ ನಾನು ಹೆಚ್ಚು ಸಂಕಟಪಟ್ಟೆ. ಎಲ್ಲಿ ಸಿಕ್ಕಿತು, ಯಾವ ಪದರದಲ್ಲಿ ಸಿಕ್ಕಿತು ಎಂಬುದು ಅಳಿದರೆ ಆ ಪಳೆಯುಳಿಕೆಯಿಂದ ತಿಳಿಯಲು ಹೆಚ್ಚೇನೂ ಉಳಿಯುವುದಿಲ್ಲ. ಆದ್ದರಿಂದ ನಿಮ್ಮ ಮೊದಲ ಕೆಲಸ: ಮಗಳಿಗೆ ಫೋನ್ ಮಾಡಿ ದಿನಾಂಕ, ಜಾಗ ಕೇಳಿ ಬರೆದಿಡಿ.

ಇನ್ನು ವಾರ್ನಿಷ್. ಬೆಲ್ಜಿಯಮ್ಮಿನ ಬರ್ನಿಸಾರ್‌ನ ಕಲ್ಲಿದ್ದಲು ಗಣಿಯಲ್ಲಿ 1878ರಲ್ಲಿ, 322 ಮೀಟರ್ ಆಳದಲ್ಲಿ, ಇಗ್ವಾನೊಡಾನ್ ಡೈನೊಸಾರುಗಳ ಅಸ್ಥಿಪಂಜರಗಳು ಸಿಕ್ಕವು. ಮೂಳೆಗಳ ತುಂಬ ಪೈರೈಟ್. ಮೇಲೆ ತಂದ ಕೂಡಲೇ ಬಿರುಕು ಬಿಡತೊಡಗಿದವು. ಬಿಸಿ ಅಂಟು ಕುಡಿಸಿದರು, ಪೈರೈಟನ್ನು ಕೆರೆದು ತೆಗೆದರು. 1930ರ ದಶಕದಲ್ಲಿ ಎಲ್ಲವನ್ನೂ ಬಿಚ್ಚಿ ಮದ್ಯಸಾರದಲ್ಲಿ ಕರಗಿಸಿದ ಅರಗಿನಲ್ಲಿ ಅದ್ದಿದರು. ಆದರೂ 2003ರಿಂದ 2007ರವರೆಗೆ ಮತ್ತೆ ದುರಸ್ತಿಗೆ ಕೂರಬೇಕಾಯಿತು. ಈಗ ಅವು ಬ್ರಸೆಲ್ಸ್‌ನಲ್ಲಿ ಗಾಜಿನ ಮನೆಯೊಳಗಿವೆ. ಲೇಪ ಎಷ್ಟೇ ದಪ್ಪವಿರಲಿ, ತೇವ ನುಸುಳುತ್ತದೆ; ಅಡಿಯಲ್ಲಿ ಕ್ರಿಯೆ ಮುಂದುವರಿಯುತ್ತದೆ, ನಿಮ್ಮ ಕಣ್ಣಿಗೆ ಮಾತ್ರ ಕಾಣುವುದಿಲ್ಲ.

ನಿಮ್ಮ ಅಮೋನೈಟನ್ನು ಒಣ ಮೆದು ಬ್ರಷ್ಷಿನಿಂದ ಒರೆಸಿ. ಕೈಗವಸು, ಮಾಸ್ಕ್ ಇರಲಿ. ಹತ್ತಿಯನ್ನು ಎಸೆಯಿರಿ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಮತ್ತು ತೇವಾಂಶ ತೋರಿಸುವ ಪುಟ್ಟ ಮಾಪಕದೊಡನೆ ಇಡಿ. ಚೀಟಿ ಡಬ್ಬಿಯ ಹೊರಗಿರಲಿ. ಸಾಪೇಕ್ಷ ತೇವಾಂಶ ಶೇ 60 ದಾಟಿದರೆ ಪೈರೈಟ್ ಒಡೆಯುವುದು ಬಿರುಸಾಗುತ್ತದೆ. ಶೇ 30ರಿಂದ 40ರೊಳಗೆ ಇದ್ದರೆ ನೆಮ್ಮದಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಿಮ್ಮೂರಿನ ಗಾಳಿ ಹೇಗಿರುತ್ತದೆಂದು ನಿಮಗೇ ಗೊತ್ತು, ಜೆಲ್‌ನ ಬಣ್ಣ ತಿರುಗಿದೊಡನೆ ಬಿಸಿಮಾಡಿ ಒಣಗಿಸಿ. ದೊಡ್ಡ ಸಂಗ್ರಹಾಲಯಗಳಲ್ಲಿ ಅಮೋನಿಯಾ ಆವಿಯಿಂದ ಆಮ್ಲವನ್ನು ತಣಿಸುತ್ತಾರೆ. ಅದು ಪ್ರಯೋಗಾಲಯದ ಕೆಲಸ, ಅಡುಗೆಮನೆಯಲ್ಲಿ ಬೇಡ. ಬಿಟ್ಟ ಬಿರುಕು ಮುಚ್ಚಿಕೊಳ್ಳುವುದಿಲ್ಲ. ಅದು ಮುಂದೆ ಹರಡದಂತೆ ನೋಡಿಕೊಳ್ಳಬಹುದು.

ಪ್ರಶ್ನೆ: ನಮ್ಮ ಶಾಲೆಯ ಮರದ ಬೀರುವಿನಲ್ಲಿರುವ ಕಡಲ ಚಿಪ್ಪುಗಳ ಮೇಲೂ ಬಿಳಿ ಪುಡಿ ಇದೆ. ಅವುಗಳಲ್ಲಿ ಪೈರೈಟ್ ಇಲ್ಲ. ಪಕ್ಕದ ಕಲ್ಲುಗಳಿಂದ ಅಂಟಿತೇ?
— ಶಿಕ್ಷಕಿ, ಧಾರವಾಡ

ಉತ್ತರ: ಅಂಟುಜಾಡ್ಯವಲ್ಲ, ಮೇಡಂ. ಅನುಮಾನ ಬೀರುವಿನ ಮೇಲೆ. ಮರ, ಅದರಲ್ಲೂ ಓಕ್, ಅಸಿಟಿಕ್ ಆಮ್ಲದ ಆವಿ ಬಿಡುತ್ತದೆ. ಪ್ಲೈವುಡ್ಡಿನ ಅಂಟೂ ಆಮ್ಲದ ಆವಿ ಬಿಡಬಲ್ಲದು. ಮುಚ್ಚಿದ ಡ್ರಾಯರಿನಲ್ಲಿ ಆ ಆವಿ ಚಿಪ್ಪಿನ ಸುಣ್ಣವನ್ನು ತಿಂದು ಲವಣವಾಗಿಸುತ್ತದೆ. 1899ರಲ್ಲಿ ಬೈನ್ ಎಂಬವರು ಇದರ ಬಗ್ಗೆ ಬರೆದಾಗ ಕಾರಣವನ್ನು ತಪ್ಪಾಗಿ ಗ್ರಹಿಸಿದ್ದರು. ಆದರೂ ಇಂದಿಗೂ ಇದನ್ನು ಬೈನ್ ರೋಗ ಎಂದೇ ಕರೆಯುತ್ತಾರೆ.

ಚಿಪ್ಪುಗಳನ್ನು ಉಕ್ಕಿನ ಬೀರುವಿಗೆ ಸಾಗಿಸಿ. ಗಟ್ಟಿಮುಟ್ಟಾದವನ್ನು, ಪಳೆಯುಳಿಕೆಗಳನ್ನಲ್ಲ, ಬಟ್ಟಿ ಇಳಿಸಿದ ನೀರಿನಲ್ಲಿ ಅದ್ದಿ ಲವಣ ತೆಗೆಯಬಹುದು. ಆಮೇಲೆ ನೆರಳಿನಲ್ಲಿ ಹಲವು ದಿನ ಒಣಗಲಿ. ಸುರುಳಿಯ ಒಳಮೂಲೆಯಲ್ಲಿ ಹನಿ ಉಳಿದಿದ್ದರೆ ಬೀರುವಿಗೆ ಸೇರಿಸಬೇಡಿ.