ಪುಟ್ಟಪ್ಪನವರನ್ನು ‘ಕ’ದಲ್ಲಿ ಹುಡುಕಬೇಕೋ, ‘ಪ’ದಲ್ಲೋ?

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಪಿಎಚ್‌ಡಿ ಮಾಡುತ್ತಿರುವವರದ್ದು. ಪ್ರಬಂಧ ಒಪ್ಪಿಸುವ ಕಾಲ ಇರಬೇಕು. ವಿಶ್ವವಿದ್ಯಾಲಯದ ಲೈಬ್ರರಿಯಲ್ಲಿ ಕ್ಯಾಟಲಾಗ್ ಕಾರ್ಡ್ ಬರೆದೇ ತಲೆ ಬೆಳ್ಳಗಾದವಳು ನಾನು. ಗ್ರಂಥಋಣ, ಅಡಿಟಿಪ್ಪಣಿಯ ವಿಷಯ ಎತ್ತಿದರೆ ಮಾತು ಸ್ವಲ್ಪ ಜಾಸ್ತಿಯೇ ಆಗುತ್ತದೆ, ಸಹಿಸಿಕೊಳ್ಳಿ.

ಪ್ರಶ್ನೆ: ಮೇಡಂ, ಗ್ರಂಥಋಣವನ್ನು ಎಪಿಎ ಶೈಲಿಯಲ್ಲೇ ಮಾಡಬೇಕು ಅಂತ ನಮ್ಮ ಗೈಡ್ ಹೇಳಿದ್ದಾರೆ. ಅದರಲ್ಲಿ ಸರ್‌ನೇಮ್ ಮೊದಲು ಬರಬೇಕಂತೆ. ಕುವೆಂಪು, ಮಾಸ್ತಿ, ಜಿ.ಎಸ್. ಶಿವರುದ್ರಪ್ಪ ಇವರ ಸರ್‌ನೇಮ್ ಯಾವುದು?
– ಸಂಶೋಧನಾ ವಿದ್ಯಾರ್ಥಿನಿ, ಶಿವಮೊಗ್ಗ

ಉತ್ತರ: ಇಲ್ಲದ ಸರ್‌ನೇಮನ್ನು ಎಲ್ಲಿಂದ ತರುತ್ತೀರಿ? ಎಪಿಎ ಅಂದರೆ ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘ. ಅವರು ಅವರ ಕಡೆಯ ಹೆಸರುಗಳಿಗೆ ತಕ್ಕಂತೆ ನಿಯಮ ಮಾಡಿಕೊಂಡರು. ನಮ್ಮ ಹಳೇ ಮೈಸೂರು ಕಡೆ ನಡೆಯುವುದು ಇನಿಷಿಯಲ್ ಲೆಕ್ಕ. ಕೆ.ವಿ. ಪುಟ್ಟಪ್ಪ ಅನ್ನುವಲ್ಲಿ ‘ಕೆ’ ಅಂದರೆ ಕುಪ್ಪಳಿ, ಊರು. ‘ವಿ’ ಅಂದರೆ ವೆಂಕಟಪ್ಪ, ತಂದೆ. ಪುಟ್ಟಪ್ಪ ಅವರ ಸ್ವಂತ ಹೆಸರು. ಜಿ.ಎಸ್.ಎಸ್. ಅವರದ್ದೂ ಹೀಗೇ: ಗುಗ್ಗರಿ ಶಾಂತವೀರಪ್ಪ ಶಿವರುದ್ರಪ್ಪ.

ಇಂಥ ಕಡೆ ಸ್ವಂತ ಹೆಸರನ್ನೇ ಮುಂದಕ್ಕೆ ತಂದು ಇನಿಷಿಯಲ್ ಹಿಂದಕ್ಕೆ ಹಾಕಿ: ಶಿವರುದ್ರಪ್ಪ, ಜಿ.ಎಸ್. ಉತ್ತರ ಕರ್ನಾಟಕದವರದ್ದು ಸಲೀಸು, ಅಡ್ಡಹೆಸರು ಇದ್ದೇ ಇರುತ್ತದೆ: ಬೇಂದ್ರೆ, ದ.ರಾ.; ಕಲಬುರ್ಗಿ, ಎಂ.ಎಂ. ತೊಂದರೆ ಕೊಡುವವರು ಮಾಸ್ತಿ. ಗ್ರಂಥಋಣ ಜೋಡಿಸಿಕೊಡುವ ಜೊಟೆರೊದಂಥ ಸಾಫ್ಟ್‌ವೇರ್‌ನಲ್ಲಿ ‘ಅಯ್ಯಂಗಾರ್’ ಅನ್ನುವುದು ಸರ್‌ನೇಮ್ ಖಾನೆಗೆ ಹೋದರೆ ಪಟ್ಟಿಯಲ್ಲಿ ‘ಅಯ್ಯಂಗಾರ್, ಮಾಸ್ತಿ ವೆಂಕಟೇಶ’ ಅಂತ ಬರುತ್ತದೆ. ಗೊರೂರರೂ ಪಕ್ಕದಲ್ಲೇ ಬಂದು ಕೂರುತ್ತಾರೆ! ಮಾಸ್ತಿಯವರನ್ನು ‘ಅ’ದಲ್ಲಿ ಯಾವ ಕನ್ನಡಿಗ ಹುಡುಕುತ್ತಾನೆ ಹೇಳಿ? ಜೊಟೆರೊದಲ್ಲಿ ಹೆಸರನ್ನು ಎರಡು ಖಾನೆಯ ಬದಲು ಒಂದೇ ಖಾನೆಗೆ ಬದಲಾಯಿಸಿಕೊಳ್ಳಬಹುದು. ಅಲ್ಲಿ ‘ಮಾಸ್ತಿ ವೆಂಕಟೇಶ ಅಯ್ಯಂಗಾರ್’ ಅಂತ ಇದ್ದ ಹಾಗೇ ಟೈಪ್ ಮಾಡಿ, ‘ಮ’ದಲ್ಲಿ ಬರಲಿ.

ಕಾವ್ಯನಾಮದ ಪ್ರಶ್ನೆಗೆ ನಿಮ್ಮ ಕೈಯಲ್ಲಿರುವ ಪುಸ್ತಕದ ಶೀರ್ಷಿಕೆ ಪುಟವೇ ಉತ್ತರ. ಅಲ್ಲಿ ‘ಕುವೆಂಪು’ ಅಂತಿದ್ದರೆ ಕುವೆಂಪು. ‘ಶ್ರೀನಿವಾಸ’ ಅಂತಿದ್ದರೆ ಶ್ರೀನಿವಾಸ, ಪಕ್ಕದಲ್ಲಿ ಕಂಸ ಹಾಕಿ ಮಾಸ್ತಿ. ಜೊತೆಗೆ ‘ಪ’ದಲ್ಲಿ ‘ಪುಟ್ಟಪ್ಪ, ಕೆ.ವಿ. – ನೋಡಿ: ಕುವೆಂಪು’ ಅಂತ ಒಂದು ಸಾಲು ಸೇರಿಸಿ. ಒಬ್ಬರೇ ಲೇಖಕರು ಪಟ್ಟಿಯಲ್ಲಿ ಎರಡು ಕಡೆ ಹಂಚಿಹೋಗಿದ್ದರೂ ಓದುವವರಿಗೆ ದಾರಿ ಸಿಗುತ್ತದೆ.

ಇನ್ನೊಂದು ಮಾತು, ನೀವು ಕೇಳದಿದ್ದರೂ ಹೇಳುತ್ತೇನೆ. ಎಪಿಎ ಏಳನೇ ಆವೃತ್ತಿಯಲ್ಲಿ ಪ್ರಕಾಶಕರ ಊರನ್ನು ಕೈಬಿಟ್ಟಿದ್ದಾರೆ. ಕನ್ನಡಕ್ಕೆ ಇದು ಒಗ್ಗುವುದಿಲ್ಲ. ಸಣ್ಣ ಊರಿನಲ್ಲಿ ಒಬ್ಬರೇ ನಡೆಸಿದ ಪ್ರಕಾಶನ, ಅದೂ ಈಗ ನಿಂತುಹೋಗಿದೆ ಅಂದರೆ ಊರಿನ ಹೆಸರೊಂದೇ ಸುಳಿವು. ಗೈಡ್ ಒಪ್ಪಿದರೆ ಊರನ್ನು ಉಳಿಸಿಕೊಳ್ಳಿ.

ಪ್ರಶ್ನೆ: ಶಾಸನಗಳನ್ನು ಅಡಿಟಿಪ್ಪಣಿಯಲ್ಲಿ ಹೇಗೆ ಕೊಡಬೇಕು? ‘ಎ.ಕ. ಸಂಪುಟ 9’ ಅಂತ ಹಾಕಿದ್ದೆ, ಸಾಲದು ಅಂತ ವಾಪಸ್ ಕಳಿಸಿದ್ದಾರೆ.
– ಓದುಗರು, ಹಾಸನ

ಉತ್ತರ: ಕಳಿಸಿದ್ದು ಸರಿಯಾಗೇ ಇದೆ. ‘ಎ.ಕ.’, ಅಂದರೆ ಶಾಸನಗಳ ಸಂಪುಟಮಾಲೆ ‘ಎಪಿಗ್ರಾಫಿಯಾ ಕರ್ನಾಟಿಕ’, ಒಂದಲ್ಲ, ಎರಡು. ಬಿ.ಎಲ್. ರೈಸ್ 1886ರಲ್ಲಿ ಕೊಡಗಿನ ಶಾಸನಗಳಿಂದ ಶುರು ಮಾಡಿದ್ದು ಹಳೆಯದು. ಮೈಸೂರು ವಿಶ್ವವಿದ್ಯಾಲಯದ ಕನ್ನಡ ಅಧ್ಯಯನ ಸಂಸ್ಥೆ 1972ರಿಂದ ತಂದದ್ದು ಪರಿಷ್ಕೃತ. ಮೊದಲೆರಡು ಸಂಪುಟ ಬಿಟ್ಟರೆ ಎರಡರ ಸಂಪುಟ ಸಂಖ್ಯೆ ಹೊಂದುವುದಿಲ್ಲ. ರೈಸ್ ಅವರ 9ನೇ ಸಂಪುಟ ತೆಗೆದರೆ ಬೆಂಗಳೂರು ಜಿಲ್ಲೆ. ಪರಿಷ್ಕೃತದ 9 ತೆಗೆದರೆ ಬೇಲೂರು. ನೀವು ಹಾಸನದವರು, ನಿಮ್ಮದು ಯಾವುದಿರಬಹುದು ಅಂತ ನಾನು ಊಹಿಸಬಲ್ಲೆ. ಆದರೆ ಪರೀಕ್ಷಕರು ಯಾಕೆ ಊಹಿಸಬೇಕು?

ಸಂಪುಟ, ಆಮೇಲೆ ತಾಲ್ಲೂಕು, ಆಮೇಲೆ ಶಾಸನದ ಸಂಖ್ಯೆ. ತಾಳಗುಂದದ ಸ್ತಂಭಶಾಸನ ರೈಸ್ ಅವರಲ್ಲಿ ‘ಎ.ಕ. 7, ಶಿಕಾರಿಪುರ 176’. ಇದಕ್ಕೆ ‘ಹಳೆಯದು’ ಅಥವಾ ‘ಪರಿಷ್ಕೃತ’ ಅಂತ ಸೇರಿಸಿದರೆ ಮುಗಿಯಿತು. ಪುಟಸಂಖ್ಯೆ ಕೊಟ್ಟರೆ ಒಳ್ಳೆಯದೇ, ಕೊಡದಿದ್ದರೂ ನಡೆಯುತ್ತದೆ.

ಶಾಸನದ ಶಕವರ್ಷಕ್ಕೆ 78 ಕೂಡಿಸಿ ಕ್ರಿಸ್ತಶಕ ಬರೆಯುವಾಗ ತಿಂಗಳು ನೋಡಿ. ಮಾಘ, ಫಾಲ್ಗುಣ ಅಂತಿದ್ದರೆ ಅಷ್ಟರಲ್ಲಿ ಇಂಗ್ಲಿಷ್ ವರ್ಷ ಬದಲಾಗಿರುತ್ತದೆ, 79 ಕೂಡಿಸಬೇಕು. ಶಕವರ್ಷವನ್ನು ಮಾತ್ರ ಅಳಿಸಬೇಡಿ, ಎರಡೂ ಇರಲಿ.

ವಚನಗಳಿಗೂ ಹೆಚ್ಚುಕಡಿಮೆ ಇದೇ ಮಾತು. ಒಂದು ಸಂಪಾದನೆಯಲ್ಲಿರುವ ವಚನದ ಸಂಖ್ಯೆ ಇನ್ನೊಂದರಲ್ಲಿ ಇರುವುದಿಲ್ಲ. ಸಂಪಾದಕರ ಹೆಸರಿಲ್ಲದೆ ಬರೀ ‘ಬಸವಣ್ಣ, ವಚನ ಇಂತಿಷ್ಟು’ ಅಂತ ಹಾಕಿದರೆ ಯಾರಿಗೂ ಸಿಗುವುದಿಲ್ಲ.

ಪ್ರಶ್ನೆ: ಗ್ರಂಥಋಣವನ್ನು ಅಕಾರಾದಿಯಾಗಿ ಜೋಡಿಸಲು ವರ್ಡ್‌ನಲ್ಲಿ ಸಾರ್ಟ್ ಕೊಟ್ಟರೆ ಎಲ್ಲ ಕಲಸುಮೇಲೋಗರ. ಯಾಕೆ?
– ಡಿಟಿಪಿ ಅಂಗಡಿಯವರು, ತುಮಕೂರು

ಉತ್ತರ: ‘ನುಡಿ’ ತಂತ್ರಾಂಶದ ಹಳೇ ಫಾಂಟ್‌ನಲ್ಲಿ ಟೈಪ್ ಮಾಡಿದ್ದೀರಿ, ಅಲ್ವಾ? ತೆರೆಯ ಮೇಲೆ ಕನ್ನಡ ಕಂಡರೂ ಕಂಪ್ಯೂಟರ್ ಪಾಲಿಗೆ ಒಳಗಿರುವುದು ಇಂಗ್ಲಿಷ್ ಅಕ್ಷರಗಳ ಕೋಡ್. ಅದು ಆ ಕ್ರಮದಲ್ಲೇ ಜೋಡಿಸುತ್ತದೆ. ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ, ಆಮೇಲೆ ಸಾರ್ಟ್ ಮಾಡಿ. ಪರಿವರ್ತನೆಯಲ್ಲಿ ಒತ್ತಕ್ಷರ, ಅರ್ಕಾವತ್ತು ಕೆಟ್ಟಿರಬಹುದು, ಒಮ್ಮೆ ಕಣ್ಣಾಡಿಸಿ. ಇಂಗ್ಲಿಷ್ ಪುಸ್ತಕಗಳನ್ನು ನಡುವೆ ತುರುಕಬೇಡಿ, ಬೇರೆ ಪಟ್ಟಿ ಮಾಡಿ.

ಪ್ರಶ್ನೆ: ಮೂಲ ಪುಸ್ತಕ ನಾನು ನೋಡಿಲ್ಲ. ಇನ್ನೊಬ್ಬರ ಪ್ರಬಂಧದಲ್ಲಿದ್ದ ಉಲ್ಲೇಖ ತೆಗೆದುಕೊಂಡಿದ್ದೇನೆ. ಅಡಿಟಿಪ್ಪಣಿಯಲ್ಲಿ ಮೂಲವನ್ನೇ ಹಾಕಬಹುದಾ? ಎಲ್ಲರೂ ಹಾಗೇ ಮಾಡುತ್ತಾರೆ.
– ಹೆಸರು ಬೇಡ

ಉತ್ತರ: ಬೇಡ. ಮೂಲ ಲೇಖಕರ ಹೆಸರು ಬರೆದು, ‘ಉದ್ಧೃತ’ ಅಂತ ಹಾಕಿ, ನೀವು ನಿಜವಾಗಿ ಓದಿದ ಪ್ರಬಂಧವನ್ನು ಪುಟದ ಸಮೇತ ಕೊಡಿ. ಗ್ರಂಥಋಣದ ಪಟ್ಟಿಯಲ್ಲೂ ಆ ಪ್ರಬಂಧವೇ ಬರಲಿ. ಅವರು ಪುಟಸಂಖ್ಯೆ ತಪ್ಪು ಹಾಕಿದ್ದರೆ ಅದೇ ತಪ್ಪು ನಿಮ್ಮಲ್ಲೂ ಇರುತ್ತದೆ, ಮತ್ತು ಎರಡೂ ಪ್ರಬಂಧಗಳು ಈಗ ಪಿಎಚ್‌ಡಿ ಪ್ರಬಂಧಗಳ ಆನ್‌ಲೈನ್ ಭಂಡಾರವಾದ ಶೋಧಗಂಗಾದಲ್ಲಿ ಯಾರು ಬೇಕಾದರೂ ಹೋಲಿಸಿ ನೋಡುವಂತೆ ಇರುತ್ತವೆ. ಅದಕ್ಕಿಂತ ಮೊದಲು ನಿಮ್ಮ ಲೈಬ್ರರಿಯವರಲ್ಲಿ ಆ ಮೂಲ ಪುಸ್ತಕ ಕೇಳಿ. ನಮ್ಮಲ್ಲಿಲ್ಲ ಅಂದರೆ ಬೇರೆ ವಿಶ್ವವಿದ್ಯಾಲಯದಿಂದ ಎರವಲು ತರಿಸಿಕೊಡಲು ಆಗುತ್ತದಾ ಅಂತ ವಿಚಾರಿಸಿ. ಕೇಳಿಕೊಂಡು ಬರುವವರೇ ಕಡಿಮೆ.